ಎಣಿಕೆಗೆ ಸಿಗದ ಓಶರ್

ಹೆಂಡತಿ ಪೆಸ್ಯಾ ತೀರಿಕೊಂಡು ಅಂದಿಗೆ ಸರಿಯಾಗಿ ಒಂದು ವರ್ಷವಾಗಿತ್ತು. ಹಿಂದಿನ ದಿನ ಹೊತ್ತು ಮುಳುಗಿ ಕತ್ತಲಾದ ಮೇಲೆ ಫೈವೆಲ್ ಮೇಷ್ಟ್ರು ಅಡುಗೆಮನೆಯಲ್ಲಿ ವರ್ಷದ ದೀಪ ಹಚ್ಚಿಟ್ಟಿದ್ದರು. ಗಾಜಿನ ಲೋಟದಲ್ಲಿ ಮೇಣ, ನಡುವೆ ಬತ್ತಿ. ಒಂದು ಇರುಳು, ಒಂದು ಹಗಲು ಉರಿಯುವಷ್ಟೇ ಅದರ ಆಯುಸ್ಸು. ಭಾನುವಾರ ಬೆಳಿಗ್ಗೆ ಅದರ ಎದುರಿಗೇ ಕೂತು ಚಹಾ ಕುಡಿದರು. "ಸೊನ್ನೆಗಿಂತ ಮೂವತ್ತೆರಡು ಡಿಗ್ರಿ ಕೆಳಗಂತೆ ಇವತ್ತು," ಎಂದು ದೀಪಕ್ಕೆ ಹೇಳಿದರು. ಹೇಳಿದ ಮೇಲೆ ತಮಗೇ ನಾಚಿಕೆಯಾಗಿ, ಚಹಾದ ಲೋಟ ತೊಳೆಯುವ ನೆಪದಲ್ಲಿ ಎದ್ದರು.

ಅವರಿಗೆ ಮಕ್ಕಳಿರಲಿಲ್ಲ. ಪೆಸ್ಯಾಳ ಒಡಹುಟ್ಟಿದವರೆಲ್ಲ ಯುರೋಪಿನ ಯುದ್ಧಕಾಲದಲ್ಲೇ ಹೋಗಿದ್ದರು. ಅವಳ ಹೆಸರಿನಲ್ಲಿ ಎದ್ದು ನಿಂತು ಕಾದಿಶ್ ಹೇಳುವವರು ಈ ಭೂಮಿಯ ಮೇಲೆ ಇವರೊಬ್ಬರೇ. ಸತ್ತವರಿಗಾಗಿ ಹೇಳುವ ಆ ಪ್ರಾರ್ಥನೆಯಲ್ಲಿ ಸಾವಿನ ಮಾತೇ ಬರುವುದಿಲ್ಲ, ಮೊದಲಿನಿಂದ ಕೊನೆಯವರೆಗೂ ದೇವರ ಕೊಂಡಾಟ. ಆದರೆ ಅದನ್ನು ಒಬ್ಬರೇ ಹೇಳುವಂತಿಲ್ಲ. ಹದಿಮೂರು ವರ್ಷ ತುಂಬಿದ ಹತ್ತು ಜನ ಗಂಡಸರು ಸೇರಿರಬೇಕು, ನಡುನಡುವೆ 'ಆಮೆನ್' ಎನ್ನಬೇಕು. ಒಂಬತ್ತೇ ಜನರಿದ್ದರೆ ಬಾಯಿ ಮುಚ್ಚಿಕೊಂಡು ಮನೆಗೆ ಬರಬೇಕು. ಶನಿವಾರ ಸಂಜೆ ಹಿಮಗಾಳಿಯ ಅಬ್ಬರಕ್ಕೆ ಯೆಹೂದಿಗಳ ಪ್ರಾರ್ಥನಾಮಂದಿರವಾದ ಸಿನಗಾಗ್‌ಗೆ ಬಂದವರು ಆರೇ ಜನ. ಮೇಷ್ಟ್ರು ಬಾಯಿ ಮುಚ್ಚಿಕೊಂಡೇ ಮನೆಗೆ ಬಂದಿದ್ದರು. ಇನ್ನು ಉಳಿದದ್ದು ಭಾನುವಾರದ ಬೆಳಗಿನ ಪ್ರಾರ್ಥನೆ, ಸಂಜೆ ಸೂರ್ಯ ಮುಳುಗುವ ಮುಂಚಿನದೊಂದು. ಸೂರ್ಯ ಮುಳುಗಿದರೆ ವರ್ಷದ ದಿನ ಮುಗಿಯಿತು. ಮತ್ತೆ ಬರುವುದು ಮುಂದಿನ ವರ್ಷ.

ಕೆನಡಾದ ವಿನ್ನಿಪೆಗ್‌ನ ಉತ್ತರ ಭಾಗದಲ್ಲಿ ಒಂದು ಕಾಲಕ್ಕೆ ಬೀದಿಗೊಂದು ಸಿನಗಾಗ್ ಇತ್ತು. ಮಕ್ಕಳು ಓದಿ ಡಾಕ್ಟರು, ವಕೀಲರಾಗಿ ನದಿಯಾಚೆ ಮನೆ ಮಾಡಿದ ಮೇಲೆ ಒಂದೊಂದಾಗಿ ಬಾಗಿಲು ಹಾಕಿಕೊಂಡವು. ಮೇಷ್ಟ್ರು ಹೋಗುತ್ತಿದ್ದ ಸಿನಗಾಗ್ ಇನ್ನೂ ಉಸಿರಾಡುತ್ತಿತ್ತು. ಅಲ್ಲಿನ ನೆಲಮಾಳಿಗೆಯಲ್ಲಿ ಭಾನುವಾರ ಭಾನುವಾರ ಹನ್ನೊಂದು ಮಕ್ಕಳಿಗೆ ಅವರು ಪಾಠ ಹೇಳುತ್ತಿದ್ದರು. ಪಾಠಕ್ಕೆ ಮುಂಚೆ ಮಕ್ಕಳು ಮೇಲೆ ಬಂದು ಹಿಂದಿನ ಬೆಂಚುಗಳಲ್ಲಿ ಕೂತು ಬೆಳಗಿನ ಪ್ರಾರ್ಥನೆ ಕೇಳಬೇಕೆಂಬ ನಿಯಮವಿತ್ತು.

ಆ ವರ್ಷದ ಪಾಠವೇ ಬೇರೆ. ಶಾಲೆ ಶುರುವಾದ ಹೊಸದರಲ್ಲಿ ತರಗತಿಯ ಇಬ್ಬರು ಹುಡುಗರು ಸಿಟಿ ಬಸ್ಸಿನಲ್ಲಿ ವಿಯೆಟ್ನಾಮಿನಿಂದ ಬಂದ ಒಬ್ಬ ಹುಡುಗನ ಮಾತನ್ನು ಅಣಕಿಸಿ, ಅವನು ಅಳುವವರೆಗೂ ಬಿಟ್ಟಿರಲಿಲ್ಲ. ದೂರು ಸಿನಗಾಗ್‌ನ ಗುರುಗಳಾದ ರಬ್ಬಿಯವರೆಗೆ ಹೋಯಿತು. "ಫೈವೆಲ್, ಈ ವರ್ಷ ಬೇರೆ ಏನೂ ಬೇಡ," ಎಂದರು ರಬ್ಬಿ. "ಒಬ್ಬ ಮನುಷ್ಯ ಇನ್ನೊಬ್ಬನ ಹಾಗೆ ಯಾಕಿಲ್ಲ, ಇಲ್ಲದಿದ್ರೆ ಅವನನ್ನ ಹೇಗೆ ನೋಡ್ಬೇಕು ಅಂತ ನಮ್ಮ ಹಿರಿಯರು ಹೇಳಿರೋದನ್ನೆಲ್ಲ ಮಕ್ಕಳ ತಲೆಗೆ ಹಾಕು. ನಿನಗೆ ಬಾಯಿಗೇ ಬರುತ್ತಲ್ಲ."

ಬಾಯಿಗೇ ಬರುತ್ತಿತ್ತು. ಚಿಕ್ಕಂದಿನಲ್ಲಿ ಒಲೆಯ ಪಕ್ಕ ಕೂತು, ಅಪ್ಪ ರಾಗವಾಗಿ ಹೇಳಿದ್ದನ್ನು ಮೈ ತೂಗುತ್ತ ಹೇಳಿ ಹೇಳಿ ಕಲಿತದ್ದು. ಅರಸ ಒಂದೇ ಅಚ್ಚಿನಿಂದ ನೂರು ನಾಣ್ಯ ಹೊಡೆದರೆ ನೂರೂ ಒಂದೇ ಥರ ಇರುತ್ತವೆ; ದೇವರು ಮೊದಲ ಮನುಷ್ಯನ ಅಚ್ಚಿನಿಂದಲೇ ಎಲ್ಲರನ್ನೂ ಹೊಡೆದರೂ ಒಬ್ಬನ ಹಾಗೆ ಇನ್ನೊಬ್ಬನಿಲ್ಲ ಎಂಬುದನ್ನು ಹೇಳಿಕೊಟ್ಟರು. ತಮ್ಮಂತಿಲ್ಲದವರನ್ನು ಕಂಡಾಗ, ಇಷ್ಟು ಬಗೆಯಾಗಿ ಸೃಷ್ಟಿಸಿದವನನ್ನು ಕೊಂಡಾಡಿ ಹೇಳುವ ಮಂತ್ರವೊಂದಿದೆ, ಅದನ್ನೂ ಹೇಳಿಕೊಟ್ಟರು. ಹಿಂದಿನ ವಾರ ಎಣಿಕೆಯ ಪಾಠ. ಮನುಷ್ಯರನ್ನು ಕುರಿ ಎಣಿಸಿದ ಹಾಗೆ ಒಂದು, ಎರಡು ಎಂದು ಎಣಿಸಬಾರದು. ಹತ್ತು ಪದಗಳ ಒಂದು ಶ್ಲೋಕವಿದೆ, ನಿನ್ನ ಜನರನ್ನು ಕಾಪಾಡು ಎಂದು ದೇವರನ್ನು ಬೇಡುವಂಥದು. ಒಬ್ಬೊಬ್ಬರ ಮೇಲೂ ಒಂದೊಂದು ಪದ ಇಡುತ್ತ ಹೋಗಬೇಕು. ಶ್ಲೋಕ ತುಂಬಿದರೆ ಹತ್ತು ಜನ ಸೇರಿದ ಹಾಗೆ. "ಅಂಕಿ ಮನುಷ್ಯನನ್ನ ಚಿಕ್ಕವನನ್ನ ಮಾಡುತ್ತೆ, ಪದ ಹಾಗೆ ಮಾಡಲ್ಲ," ಎಂದು ಹೇಳಿದ್ದನ್ನು ಮಕ್ಕಳು ಪುಸ್ತಕದಲ್ಲಿ ಬರೆದುಕೊಂಡಿದ್ದರು. ತಮ್ಮ ಪಾಠದ ಬಗ್ಗೆ ಮೇಷ್ಟ್ರಿಗೆ ಅಂದು ಸ್ವಲ್ಪ ಹೆಮ್ಮೆಯೇ ಆಗಿತ್ತು.

ಆ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಜನ ಒಬ್ಬೊಬ್ಬರಾಗಿ ಬೂಟಿನ ಹಿಮ ಕೊಡವುತ್ತ ಒಳಗೆ ಬಂದರು. ಸಿನಗಾಗ್‌ನ ಕೆಲಸ ಕಾರ್ಯ ನೋಡಿಕೊಳ್ಳುತ್ತಿದ್ದ ಬೆರಿಲ್ ಶುಸ್ಟರ್ ಬಾಗಿಲ ಬಳಿ ನಿಂತು ಪ್ರತಿಯೊಬ್ಬರಿಗೂ ಒಂದೊಂದು ಮಾತು ಬಡಿಸುತ್ತಿದ್ದ. ಎಪ್ಪತ್ತಮೂರು ವಯಸ್ಸು, ಮುಳ್ಳುಹಂದಿಯ ಸ್ವಭಾವ.

"ಎಷ್ಟಾಯ್ತು, ಫೈವೆಲ್? ಎಣಿಸು. ನನ್ನ ಕನ್ನಡಕ ಮಂಜು ಹಿಡಿದಿದೆ."

ಮೇಷ್ಟ್ರು ಮೆಲುದನಿಯಲ್ಲಿ ಶ್ಲೋಕ ಶುರುಮಾಡಿದರು. ಬೆರಿಲ್‌ನ ಮೇಲೆ ಮೊದಲ ಪದ. ಕಿಟಕಿಯ ಬಳಿಯ ದರ್ಜಿಯ ಮೇಲೆ ಎರಡನೆಯದು. ಹಾಗೇ ಸಾಲು ಸಾಲಾಗಿ ಕಣ್ಣು ಹಾಯಿಸುತ್ತ ಬಂದು, ಕೊನೆಗೆ ತಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಾಗ ಒಂಬತ್ತನೆಯ ಪದ. ಹತ್ತನೆಯದು ಬಾಯಲ್ಲೇ ಉಳಿಯಿತು.

"ಒಬ್ಬ ಕಡಿಮೆ," ಎಂದರು.

"ಅಯ್ಯೋ ದೇವರೇ! ಎಲ್ಲ ಬಿಟ್ಟು ಇವತ್ತೇ!" ಬೆರಿಲ್ ಹಣೆ ಚಚ್ಚಿಕೊಂಡ. "ತಡಿ, ತಡಿ. ಹೊರಗೆ ಸಿಡ್ ಕೊಲೊಡ್ನಿ ಕಾರಲ್ಲೇ ಕೂತಿದಾನೆ. ಮಗಳನ್ನ ಬಿಟ್ಟು, ಎಂಜಿನ್ ಆಫ್ ಮಾಡ್ದೆ ಪೇಪರ್ ಓದ್ತಾ ಇದಾನೆ, ಖದೀಮ. ಹನ್ನೆರಡು ವರ್ಷದಿಂದ ಒಳಗೆ ಕಾಲಿಟ್ಟಿಲ್ಲ. ಇವತ್ತು ಎಳ್ಕೊಂಡೇ ಬರ್ತೀನಿ."

ಎಳೆದುಕೊಂಡೇ ಬಂದ. ಕೊಲೊಡ್ನಿ ಹಾಕಿ ತಂಡದ ಜಾಕೆಟ್ಟಿನಲ್ಲೇ, ಬೆರಿಲ್ ತಲೆಯ ಮೇಲಿಟ್ಟ ಟೋಪಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, "ಹತ್ತೇ ನಿಮಿಷ, ಹತ್ತೇ ನಿಮಿಷ ಅಂದಿದೀರಿ," ಎನ್ನುತ್ತ ಕೂತ. ಹಿಂದಿನ ಬೆಂಚಿನಲ್ಲಿದ್ದ ಅವನ ಮಗಳು ಬ್ರೈನಾ ನಾಚಿಕೆಗೆ ಮಫ್ಲರಿನೊಳಗೆ ಮುಖ ಹುದುಗಿಸಿದಳು.

ಪ್ರಾರ್ಥನೆ ಸಾಗಿತು. ಮೇಷ್ಟ್ರು ಎದ್ದು ನಿಂತು ಪೆಸ್ಯಾಳಿಗಾಗಿ ಕಾದಿಶ್ ಹೇಳಿದರು. 'ಆಮೆನ್' ಎಂಬ ದನಿ ನಾಲ್ಕೂ ಕಡೆಯಿಂದ ಬಂದು ಬೆನ್ನಿಗೆ ಕೈಯಿಟ್ಟ ಹಾಗಾಯಿತು. ಒಂದು ವರ್ಷದಲ್ಲಿ ಯಾರೂ ಅವರ ಬೆನ್ನಿಗೆ ಕೈಯಿಟ್ಟಿರಲಿಲ್ಲ.

ಆ ದಿನ ಪಾಠಕ್ಕೆ ಅವರು ಇಟ್ಟುಕೊಂಡಿದ್ದದ್ದು ಒಂದು ಹಳೆಯ ಕಥೆ. ಒಬ್ಬ ದೊಡ್ಡ ಗುರು ತನ್ನ ಗುರುವಿನ ಮನೆಯಲ್ಲಿ ಓದು ಮುಗಿಸಿ, ಕತ್ತೆಯ ಮೇಲೆ ಕೂತು ಹೊಳೆಯ ದಂಡೆಯಲ್ಲಿ ಬರುತ್ತಿದ್ದಾನೆ. ಎಷ್ಟೆಲ್ಲ ಕಲಿತೆನಲ್ಲ ಎಂದು ಮನಸ್ಸು ಉಬ್ಬಿದೆ. ಎದುರಿಗೆ ಕುರೂಪಿಯೊಬ್ಬ ಸಿಕ್ಕಿ ನಮಸ್ಕಾರ ಎನ್ನುತ್ತಾನೆ. ಗುರು ನಮಸ್ಕಾರ ಹೇಳುವುದು ಬಿಟ್ಟು, ನಿಮ್ಮೂರಲ್ಲಿ ಎಲ್ಲರೂ ಹೀಗೇ ಇದ್ದಾರಾ ಎಂದು ಕೇಳುತ್ತಾನೆ. ನನಗೇನು ಗೊತ್ತು, ಹೋಗಿ ನನ್ನನ್ನು ಮಾಡಿದ ಕುಶಲಕರ್ಮಿಯನ್ನೇ ಕೇಳು ಎನ್ನುತ್ತಾನೆ ಅವನು. ಆಗ ಗುರು ಕತ್ತೆಯಿಂದಿಳಿದು ಅವನ ಕಾಲಿಗೆ ಬೀಳುತ್ತಾನೆ.

ಇಷ್ಟು ಹೇಳಿ ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. ಬ್ರೈನಾ ಕೈ ಎತ್ತಿದಳು. ಹನ್ನೆರಡು ವರ್ಷದ ಹುಡುಗಿ. ಸುಮ್ಮನೆ ಕೈ ಎತ್ತುವವಳಲ್ಲ.

"ಮೇಷ್ಟ್ರೇ, ಒಂದು ಕೇಳ್ಲಾ?"

"ಕೇಳಮ್ಮ."

"ಬೆಳಿಗ್ಗೆ ನೀವು ಎಣಿಸ್ದಾಗ ನಾನೂ ಮನಸ್ಸಲ್ಲೇ ಶ್ಲೋಕ ಹೇಳ್ಕೊಂಡೆ. ಅಪ್ಪ ಬರೋಕೆ ಮುಂಚೆ. ನನಗೆ ಹತ್ತೂ ಪದ ತುಂಬ್ತು."

"ನೀನು ಡೊವ್‌ನ ಸೇರಿಸ್ಕೊಂಡಿರ್ತೀಯ. ಅವನಿಗಿನ್ನೂ ಹದಿಮೂರು ತುಂಬಿಲ್ಲ."

"ಡೊವ್‌ನ ಯಾರು ಸೇರಿಸ್ಕೋತಾರೆ!" ಎಂದಳು. ಮಕ್ಕಳೆಲ್ಲ ನಕ್ಕರು, ಡೊವ್ ಕೂಡ ನಕ್ಕ. "ರೇಡಿಯೇಟರ್ ಪಕ್ಕ ಓಶರ್ ತಾತ ಇದ್ರಲ್ಲ? ಅವರನ್ನ ಸೇರಿಸ್ದೆ."

ಮೇಷ್ಟ್ರಿಗೆ ಒಮ್ಮೆಗೇ ಮೇಲಿನ ಕೋಣೆ ಕಣ್ಣಿಗೆ ಕಟ್ಟಿತು. ಹಿಂದಿನ ಗೋಡೆ, ಬಿಸಿಯ ಕೊಳವೆಗಳು, ಅದರ ಪಕ್ಕದ ಕುರ್ಚಿ. ಕುರ್ಚಿಯಲ್ಲಿ ಓಶರ್ ಪೆಕಾರ್, ಪ್ರಾರ್ಥನೆಯ ಶಾಲು ಹೊದ್ದು, ಪುಸ್ತಕದ ಮೇಲೆ ಬೆರಳಿಟ್ಟುಕೊಂಡು. ಮೂವತ್ತು ವರ್ಷದಿಂದ ಅದೇ ಕುರ್ಚಿ. ಹುಟ್ಟಿದಾಗಿನಿಂದ ಕಿವಿ ಕೇಳಿಸದು, ಮಾತು ಬಾರದು. ಊರಿನ ಪತ್ರಿಕೆಯ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿ ನಿವೃತ್ತನಾದವನು. ಶಾಲುಗಳನ್ನು ಮಡಿಸಿಡುವುದು, ಪುಸ್ತಕಗಳ ಬೆನ್ನು ಅಂಟಿಸುವುದು ಎಲ್ಲ ಅವನದೇ. ಬೆಳಿಗ್ಗೆ ಅವರ ಕಣ್ಣು ಬೆರಿಲ್‌ನಿಂದ ಶುರುವಾಗಿ ಸಾಲು ಸಾಲಾಗಿ ಹಾದು, ಆ ಕುರ್ಚಿಯನ್ನೂ ಹಾದು ಬಂದಿತ್ತು. ನಿಂತಿರಲಿಲ್ಲ.

"ಅದು ಹಿಂದಿನ ಕಾಲದ ಕಟ್ಟಳೆ, ಮಗು," ಎಂದರು. "ಕಿವಿಯೂ ಕೇಳದೆ, ಮಾತೂ ಬಾರದೆ ಇದ್ದವರನ್ನ ಹತ್ತರಲ್ಲಿ ಸೇರಿಸ್ತಾ ಇರಲಿಲ್ಲ. ಅಂಥವರಿಗೆ ಆಗ ಓದಿಸೋ ದಾರಿ ಇರಲಿಲ್ಲ ನೋಡು..."

"ಈಗಲೂ ಹಾಗೇನಾ?"

ಹೌದು ಎನ್ನುವಂತಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ರಬ್ಬಿ ವೇದಿಕೆಯಿಂದಲೇ ಹೇಳಿದ್ದರು, ಆ ಕಟ್ಟಳೆಯ ಕಾಲ ಮುಗಿಯಿತು, ಓಶರ್ ನಮ್ಮಲ್ಲೊಬ್ಬ ಎಂದು. ಎಲ್ಲರೂ ತಲೆಯಾಡಿಸಿದ್ದರು. ಬೆರಿಲ್ ಹೋಗಿ ಓಶರ್‌ನ ಬೆನ್ನು ಚಪ್ಪರಿಸಿದ್ದ. ಆಮೇಲೆ ಯಾವಾಗಲೂ ಹದಿನೈದೋ ಇಪ್ಪತ್ತೋ ಜನ ಇರುತ್ತಿದ್ದರು. ಅವನಿಲ್ಲದೆಯೂ ಹತ್ತು ತುಂಬುತ್ತಿತ್ತು. ಕಣ್ಣು ತನ್ನ ಹಳೆಯ ಜಾಡನ್ನು ಬಿಟ್ಟಿದೆಯೋ ಇಲ್ಲವೋ ಎಂದು ನೋಡುವ ಪ್ರಸಂಗವೇ ಬಂದಿರಲಿಲ್ಲ.

"ಇಲ್ಲ. ಈಗ ಹಾಗಿಲ್ಲ," ಎಂದರು.

"ಮತ್ತೆ?"

ಮೇಷ್ಟ್ರು ಸೀಮೆಸುಣ್ಣವನ್ನು ಕೈಗೆತ್ತಿಕೊಂಡರು, ಮತ್ತೆ ಇಟ್ಟರು.

"ನಮ್ಮಪ್ಪ ಪುಸ್ತಕ ತಲೆಕೆಳಗಾಗಿ ಹಿಡ್ಕೊಂಡಿದ್ರು," ಎಂದಳು ಬ್ರೈನಾ. ಅವಳ ದನಿಯಲ್ಲಿ ಜಗಳವಿರಲಿಲ್ಲ. "ಓಶರ್ ತಾತ ಎದ್ದು ಬಂದು ಸರಿಯಾಗಿ ಹಿಡಿಸಿ, ಪುಟ ತೆಗೆದು ಕೊಟ್ಟು ಹೋದ್ರು. ಆದ್ರೆ ನಮ್ಮಪ್ಪ ಹತ್ತನೆಯವರಾದ್ರು."

ಹಿಂದಿನಿಂದ ಡೊವ್ ಕೂಗಿದ: "ಹಂಗಾದ್ರೆ ಕತ್ತೆ ಮೇಲೆ ಬಂದೋರು ನೀವೇನಾ, ಮೇಷ್ಟ್ರೇ?"

ತರಗತಿ ಗೊಳ್ಳೆಂದು ನಕ್ಕಿತು. ಬ್ರೈನಾ ನಗಲಿಲ್ಲ, ಉತ್ತರಕ್ಕಾಗಿ ಕಾಯುತ್ತಿದ್ದಳು. ಮೇಷ್ಟ್ರು ಅಂದು ಹದಿನೈದು ನಿಮಿಷ ಮುಂಚೆಯೇ ತರಗತಿ ಬಿಟ್ಟರು.

ಅವರು ಮೇಲೆ ಹತ್ತಿ ಬರುವಷ್ಟರಲ್ಲಿ ಓಶರ್ ಹೊರಟುಹೋಗಿದ್ದ. ಶಾಲುಗಳು ಒಂದರ ಮೇಲೊಂದು ಅಂಚಿಗೆ ಅಂಚು ಕೂಡಿಸಿ ಮಡಿಸಿಟ್ಟಿದ್ದವು.

ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ. ರೈ ಬ್ರೆಡ್ಡಿನ ತುಂಡನ್ನು ಸೂಪಿನಲ್ಲಿ ಅದ್ದಿ ಅದ್ದಿ ಕರಗಿಸಿಬಿಟ್ಟರು. ಶಾಸ್ತ್ರದ ಪ್ರಕಾರ ಲೋಪವೇನೂ ಆಗಿರಲಿಲ್ಲ. ಓಶರ್‌ನನ್ನೂ ಕೂಡಿಸಿದರೆ ಅಲ್ಲಿ ಹನ್ನೊಂದು ಜನ ಇದ್ದರು, ಕಾದಿಶ್ ಕಾದಿಶ್ಶೇ. ಆದರೆ ಬೆಳಿಗ್ಗೆ ಬೆನ್ನಿಗೆ ಕೈಯಿಟ್ಟ ಹಾಗಿದ್ದ ಆ ಆಮೆನ್‌ಗಳನ್ನು ಈಗ ನೆನೆದರೆ, ಅವು ಬೇರೆಯವರ ಮನೆಯಿಂದ ಹೇಳದೆ ಕೇಳದೆ ತಂದವುಗಳಂತೆ ಕಾಣುತ್ತಿದ್ದವು. ಪೆಸ್ಯಾ ಇದ್ದಿದ್ದರೆ ಏನನ್ನುತ್ತಿದ್ದಳು? ಅವಳು ಸಿನಗಾಗ್‌ನ ಮೆಟ್ಟಿಲ ಮೇಲೆ ಬೇಕೆಂದೇ ಬೆಳಕಿಗೆ ಮುಖ ಮಾಡಿ ನಿಂತು, ತುಟಿಗಳನ್ನು ನಿಧಾನವಾಗಿ ಆಡಿಸುತ್ತ ಓಶರ್‌ನೊಡನೆ ಮಾತಾಡುತ್ತಿದ್ದಳು. ಕೈಚೀಲದಲ್ಲಿ ಅವನಿಗೆಂದೇ ಗಸಗಸೆಯ ಸುರುಳಿ ಬನ್ನು. "ಬಸ್ಸು ಹೋಗುತ್ತೆ, ಬಾರೇ," ಎಂದು ಇವರು ಕೆಳಗಿನಿಂದ ಅವಸರಪಡಿಸುತ್ತಿದ್ದರು. ಅವರಿಬ್ಬರೂ ಏನು ಮಾತಾಡುತ್ತಿದ್ದರೆಂದು ಒಂದು ದಿನವೂ ಕೇಳಿರಲಿಲ್ಲ. ಈಗ ಕೇಳಿ ತಿಳಿಯುವುದೆಂದರೆ ಓಶರ್‌ನಿಂದಲೇ.

ಮೂರೂಮುಕ್ಕಾಲಿಗೆ ಫೋನು ಬಡಿದುಕೊಂಡಿತು. ಬೆರಿಲ್.

"ಕೇಳು ಇಲ್ಲಿ. ನಾಲ್ಕೂಕಾಲಿನ ಪ್ರಾರ್ಥನೆಗೆ ನಿನ್ನನ್ನೂ ಸೇರಿಸಿ ಒಂಬತ್ತು ಮಾಡಿದೀನಿ. ಕೊಲೊಡ್ನಿ ಬರಲ್ವಂತೆ, ಟಿವಿಯಲ್ಲಿ ಮ್ಯಾಚ್ ಅಂತೆ. ಆದ್ರೆ ನೀನು ಚಿಂತೆ ಮಾಡ್ಬೇಡ. ನಮ್ಮ ಓಶರ್ ಇದಾನಲ್ಲ, ಮಾರಾಯ! ಬೆಳಿಗ್ಗೆ ನಮ್ಮಿಬ್ಬರಿಗೂ ಬುದ್ಧಿಗೆ ಮಂಕು ಕವಿದಿತ್ತು. ಅವನು ನಿಮ್ಮ ಬೀದಿಯಲ್ಲೇ ಅಲ್ವಾ ಇರೋದು? ಅವನಿಗೆ ಫೋನ್ ಮಾಡಿ ಏನು ಬಂತು. ಹೋಗಿ ಕರ್ಕೊಂಡ್ ಬಾ, ಹತ್ತಾಗುತ್ತೆ."

ಬಂದವರಿಗೆ ಕುರ್ಚಿ ಸಾಲದಿದ್ದರೆ ಅಟ್ಟದಿಂದ ಒಂದು ಇಳಿಸಿ ತಾ ಎನ್ನುವ ದನಿ ಅದು. ಮೇಷ್ಟ್ರು "ಆಯ್ತು" ಎಂದರು. ಕೋಟು ತೊಟ್ಟು, ಕಿವಿ ಮುಚ್ಚುವ ಟೋಪಿ ಹಾಕಿ ಹೊರಟರು.

ದಾರಿಯಲ್ಲಿ ಮನಸ್ಸು ಎರಡಾಯಿತು. ಕ್ಷಮೆ ಕೇಳಬೇಕು, ಅದರಲ್ಲಿ ಅನುಮಾನವಿಲ್ಲ. ಮನುಷ್ಯನಿಗೆ ಮಾಡಿದ ತಪ್ಪನ್ನು ಆ ಮನುಷ್ಯನ ಮುಂದೆಯೇ ಒಪ್ಪಿಕೊಳ್ಳಬೇಕು, ಅಲ್ಲಿಯವರೆಗೆ ದೇವರೂ ಅದಕ್ಕೆ ಕೈ ಹಾಕುವುದಿಲ್ಲ ಎಂದು ಮಕ್ಕಳಿಗೆ ಹೇಳಿಕೊಟ್ಟವರು ಅವರೇ. ಆದರೆ ಕ್ಷಮಿಸು ಎಂದು, ಮರುಗಳಿಗೆಗೆ ಹೊರಡು, ನೀನು ಬಂದರೆ ನನ್ನ ಹತ್ತು ತುಂಬುತ್ತದೆ ಎಂದರೆ ಆ ಕ್ಷಮೆಯ ಅರ್ಥವೇನು? ಬೆಳಿಗ್ಗೆ ಬೇಡವಾಗಿದ್ದವನು ಸಂಜೆ ಬೇಕಾದ. ಬೇಕಾದದ್ದಕ್ಕೇ ಕ್ಷಮೆ ಕೇಳಲು ಬಂದ ಎಂದು ಅವನಿಗನ್ನಿಸದೆ ಇರುತ್ತದೆಯೇ? ಇನ್ನೊಂದು ಕಡೆ ಪೆಸ್ಯಾ. ಬೆಳಗಿನ ಕಾದಿಶ್ ಸೊಟ್ಟಗಾಯಿತು, ಈ ಸಂಜೆಯದಾದರೂ ನೆಟ್ಟಗೆ ಹೇಳಬೇಕು. ನಾಲ್ಕು ನಲವತ್ತಕ್ಕೆ ಸೂರ್ಯ ಮುಳುಗುತ್ತದೆ. ಹಿಮ ಬೂಟಿನ ಕೆಳಗೆ ಕಿರ್ ಕಿರ್ ಎನ್ನುತ್ತಿತ್ತು. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಓಶರ್‌ನ ಮನೆ ಬೇಕರಿಯ ಮೇಲೆ. ಬಾಗಿಲ ಪಕ್ಕದ ಗುಂಡಿ ಒತ್ತಿದರೆ ಒಳಗೆ ಗಂಟೆ ಹೊಡೆಯುವ ಬದಲು ಬಲ್ಬು ಮಿನುಗುತ್ತದೆ. ಅದರ ಬೆಳಕು ಬಾಗಿಲ ಸಂದಿಯಿಂದ ಹೊರಗೂ ಕಂಡಿತು. ಈ ಬೀದಿಗೆ ಬಂದು ಇಪ್ಪತ್ತಾರು ವರ್ಷವಾಗಿದ್ದರೂ ಮೇಷ್ಟ್ರು ಆ ಗುಂಡಿ ಒತ್ತಿದ್ದು ಅದೇ ಮೊದಲು.

ಬಾಗಿಲು ತೆರೆದ ಓಶರ್ ಅವರನ್ನು ಮೇಲಿಂದ ಕೆಳಗೆ ನೋಡಿದ. ಮುಖದಲ್ಲಿ ಅಚ್ಚರಿಯಿರಲಿಲ್ಲ. ಮೇಜಿನ ಮೇಲೆ ಅಚ್ಚುಕೂಟದಿಂದ ತಂದ ಹಳೆಯ ಕರಡು ಹಾಳೆಗಳ ಕಟ್ಟು, ಅದರ ಮೇಲೊಂದು ಪೆನ್ಸಿಲ್. ಓಶರ್ ಒಂದು ಹಾಳೆಯ ಖಾಲಿ ಬೆನ್ನಿನ ಮೇಲೆ ಬರೆದು ತೋರಿಸಿದ. ಅಚ್ಚಿನಂತೆ ನೆಟ್ಟಗಿನ ಅಕ್ಷರ.

"ಎಷ್ಟು ಜನ ಇದೀರಿ?"

ಮೇಷ್ಟ್ರು ಪೆನ್ಸಿಲ್ ತೆಗೆದುಕೊಂಡು ಬರೆದರು: "ಒಂಬತ್ತು."

ಓಶರ್‌ನ ತುಟಿಯ ಒಂದು ಕೊನೆ ಮೇಲೆದ್ದಿತು. ಗೂಟದಿಂದ ಕೋಟು ತೆಗೆದು ಒಂದು ತೋಳು ಹಾಕಿಕೊಂಡ. ತಲೆಯಾಡಿಸಿದರೆ ಸಾಕಿತ್ತು, ಇಬ್ಬರೂ ಇಳಿದುಹೋಗಬಹುದಿತ್ತು, ಇಪ್ಪತ್ತು ನಿಮಿಷದಲ್ಲಿ ಮೇಷ್ಟ್ರು ಎದ್ದು ನಿಂತು ಪೆಸ್ಯಾಳ ಹೆಸರು ನೆನೆಯಬಹುದಿತ್ತು. ಅವರು ಕೈ ಮುಂದೆ ಮಾಡಿ ಇನ್ನೊಂದು ತೋಳನ್ನು ಹಿಡಿದರು. ಬೇಡ ಎಂದು ತಲೆಯಲ್ಲಾಡಿಸಿದರು. ಕುರ್ಚಿ ಎಳೆದು, ಅವನನ್ನು ಹೆಗಲು ಹಿಡಿದು ಕೂರಿಸಿದರು.

"ಅದಕ್ಕೆ ಬಂದಿಲ್ಲ," ಎಂದು ಬರೆದರು. "ಬೇರೆ ಮಾತಿದೆ."

ಓಶರ್ ಒಂದೇ ತೋಳಿಗೆ ಕೋಟು ಹಾಕಿಕೊಂಡು ಕೂತ. ಗೋಡೆಯ ಗಡಿಯಾರ ನೋಡಿದ, ಇವರನ್ನು ನೋಡಿದ, ಬಾಗಿಲಿನ ಕಡೆ ಕೈ ತೋರಿಸಿದ. ಮೇಷ್ಟ್ರು ಕಣ್ಣೆತ್ತಲಿಲ್ಲ. ಬರೆಯತೊಡಗಿದ್ದರು. ತರಗತಿಯಲ್ಲಿ ನಲವತ್ತು ವರ್ಷ ಮಾತಾಡಿದವರಿಗೆ ಬರೆಯುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಬರೆದದ್ದನ್ನು ಹೊಡೆದುಹಾಕಿದರು. ಕಟ್ಟಳೆಯ ಇತಿಹಾಸ ಬರೆದು ಅದನ್ನೂ ಹೊಡೆದುಹಾಕಿದರು. ಪೆನ್ಸಿಲಿನ ಮೊನೆ ಮುರಿಯಿತು. ಓಶರ್ ಮೇಜಿನ ಸೆಳೆಖಾನೆಯಿಂದ ಚಾಕು ತೆಗೆದು ಹೆರೆದು ಕೊಟ್ಟ. ಕೊಡುವಾಗ ಮತ್ತೆ ಗಡಿಯಾರದತ್ತ ಬೆರಳು ಮಾಡಿದ. ಮೇಷ್ಟ್ರು ಅವನ ಆ ಕೈಯನ್ನೂ ಮೃದುವಾಗಿ ಕೆಳಗಿಳಿಸಿದರು. ಕೊನೆಗೆ ಹಾಳೆಯ ಮೇಲೆ ಉಳಿದದ್ದು ಇಷ್ಟು:

"ಬೆಳಿಗ್ಗೆ ನಾನು ಎಣಿಸಿದಾಗ ನಿನ್ನನ್ನು ಬಿಟ್ಟೆ. ರಬ್ಬಿ ಹೇಳಿದ್ದು ಗೊತ್ತಿದ್ದೂ ಬಿಟ್ಟೆ. ನೀನು ಅಲ್ಲಿ ಕೂತಿದ್ದೆ, ನನ್ನ ಕಣ್ಣು ನಿನ್ನ ಮೇಲೆ ನಿಲ್ಲಲೇ ಇಲ್ಲ. ಮಕ್ಕಳಿಗೆ ವರ್ಷವೆಲ್ಲ ಇದನ್ನೇ ಪಾಠ ಮಾಡ್ತಾ ಇದ್ದೆ. ಒಂದು ಹುಡುಗಿ ಕೇಳೋವರೆಗೆ ನನಗೆ ಗೊತ್ತೇ ಆಗಲಿಲ್ಲ. ಈಗ ಒಬ್ಬ ಕಡಿಮೆ ಇದಾನೆ ಅಂತ ನಿನ್ನ ಮನೆಗೆ ಬಂದೆ ಅಂತ ನಿನಗನ್ನಿಸಬಾರದು. ಅದಕ್ಕೇ ಹೊರಡಬೇಡ ಅಂದೆ. ಕ್ಷಮೆ ಕೇಳೋಕೆ ಮಾತ್ರ ಬಂದಿದೀನಿ."

ಓಶರ್ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದ. ಮೇಲಿಂದ ಒಮ್ಮೆ ಓದಿ, ಮತ್ತೆ ಒಂದೊಂದು ಸಾಲಿಗೂ ಬೆರಳಿಟ್ಟು ಓದಿದ. ಮೇಷ್ಟ್ರು ಅವನ ಮುಖವನ್ನೇ ನೋಡುತ್ತಿದ್ದರು. ಇಷ್ಟು ಹತ್ತಿರದಿಂದ ಅದನ್ನು ನೋಡಿರಲೇ ಇಲ್ಲ. ಎಡಗಣ್ಣಿನ ಕೆಳಗೆ ಚಿಕ್ಕದೊಂದು ಸುಟ್ಟ ಕಲೆ. ಅಚ್ಚುಕೂಟದ ಕಾದ ಸೀಸ ಸಿಡಿದದ್ದಿರಬೇಕು.

ಅವನು ಬರೆದ: "ನಾನೂ ಎಣಿಸ್ತೀನಿ. ಪ್ರತಿ ಭಾನುವಾರ. ನನ್ನ ಎಣಿಕೆಯಲ್ಲಿ ನಾನಿರ್ತೀನಿ."

ಇನ್ನೊಂದು ಹಾಳೆ ಎಳೆದುಕೊಂಡ. ಪೆನ್ಸಿಲ್ ವೇಗವಾಗಿ ಓಡಿತು.

"ಇವತ್ತು ಪೆಸ್ಯಾಳ ದಿನ. ನಿನಗೊಬ್ಬನಿಗೇ ಗೊತ್ತು ಅಂದುಕೊಂಡಿದೀಯಾ? ಹೋದ ಚಳಿಗಾಲದಲ್ಲಿ ಅವಳ ಪೆಟ್ಟಿಗೆಗೆ ಮಣ್ಣು ಹಾಕಿದವರಲ್ಲಿ ನಾನೂ ಒಬ್ಬ. ನನ್ನ ಕಾಲು ನೋಡು."

ಮೇಷ್ಟ್ರು ಬಗ್ಗಿ ನೋಡಿದರು. ಓಶರ್‌ನ ಕಾಲಲ್ಲಿ ಬೂಟುಗಳಿದ್ದವು. ಲಾಡಿ ಬಿಗಿದು, ಎರಡು ಸುತ್ತು ಸುತ್ತಿ ಗಂಟು ಹಾಕಿತ್ತು. ಬಾಗಿಲು ತೆರೆದಾಗಲೂ ಹಾಗೇ ಇದ್ದಿರಬೇಕು.

"ನೀನು ಬರದೇ ಇದ್ದಿದ್ರೂ ನಾನು ಹೊರಟಿದ್ದೆ. ನೀವು ಎಣಿಸಿದ್ರೆ ಎಣಿಸಿ, ಬಿಟ್ರೆ ಬಿಡಿ, ಅವಳಿಗೋಸ್ಕರ ಅಲ್ಲಿ ನಿಂತಿರ್ಬೇಕು ಅಂತ. ನೀನು ತೋಳು ಹಿಡ್ಕೊಂಡು ಕೂರಿಸಿದೆ. ಬೆಳಿಗ್ಗೆ ನಾನು ಬೇಡ ಅಂತ ನಿನ್ನಷ್ಟಕ್ಕೆ ನೀನೇ ತೀರ್ಮಾನ ಮಾಡಿದೆ. ಈಗ ನನ್ನ ಮಾನ ಕಾಪಾಡ್ತೀನಿ ಅಂತ ಮತ್ತೆ ನೀನೇ ತೀರ್ಮಾನ ಮಾಡಿದೆ. ಒಂದು ಮಾತು ನನ್ನನ್ನ ಕೇಳ್ಬಾರದಿತ್ತಾ, ಫೈವೆಲ್?"

ಇಬ್ಬರೂ ಗಡಿಯಾರ ನೋಡಿದರು. ನಾಲ್ಕು ಮೂವತ್ತೊಂಬತ್ತು. ಸಿನಗಾಗ್‌ಗೆ ಹತ್ತು ನಿಮಿಷದ ದಾರಿ, ಅದೂ ಜಾರುವ ಹಿಮದ ಮೇಲೆ. ಕಿಟಕಿಯಾಚೆ ಧಾನ್ಯದ ಗೋದಾಮುಗಳ ಹಿಂದೆ ಒಂದು ಕೆಂಪು ಗೆರೆ ಉಳಿದಿತ್ತು. ನೋಡುತ್ತಿದ್ದಂತೆ ಅದು ತೆಳ್ಳಗಾಗಿ, ಬೂದಿಯ ಬಣ್ಣಕ್ಕೆ ತಿರುಗಿ, ಇಲ್ಲವಾಯಿತು. ಅಲ್ಲಿ ಬೆರಿಲ್‌ ಸೇರಿ ಎಂಟು ಜನ ಬಾಗಿಲತ್ತ ನೋಡಿ ನೋಡಿ, ತಂತಮ್ಮ ಪಾಡಿಗೆ ಮೆಲುದನಿಯಲ್ಲಿ ಹೇಳಿಕೊಂಡು ಮುಗಿಸಿರಬೇಕು. ಪೆಸ್ಯಾಳ ವರ್ಷದ ದಿನ ಕಳೆಯಿತು.

ಮೇಷ್ಟ್ರು ಪೆನ್ಸಿಲಿಗೆ ಕೈ ಚಾಚಿದರು. ಅದನ್ನು ಪಕ್ಕಕ್ಕೆ ಸರಿಸಿದರು. ಎದ್ದು ನಿಂತರು. ಕೈ ತಾನಾಗಿ ಮುಷ್ಟಿಯಾಯಿತು. ಪ್ರಾಯಶ್ಚಿತ್ತದ ದಿನ ಪಾಪಗಳ ಪಟ್ಟಿ ಓದುತ್ತ ಒಂದೊಂದಕ್ಕೂ ಎದೆಗೆ ಒಂದೊಂದು ಗುದ್ದು ಹಾಕಿಕೊಳ್ಳುವ ಹಾಗೆ, ಎದೆಯ ಎಡಭಾಗಕ್ಕೆ ಗುದ್ದಿಕೊಂಡರು. ಇನ್ನೊಮ್ಮೆ. ಮೂರನೆಯ ಸಲಕ್ಕೆ ಎತ್ತಿದ ಕೈಯನ್ನು ಓಶರ್ ಮಣಿಕಟ್ಟಿನಲ್ಲಿ ಹಿಡಿದ.

ಅವನು ಅವರ ಮುಷ್ಟಿಯನ್ನು ಬಿಡಿಸಲಿಲ್ಲ. ಹಾಗೇ ಎದೆಗೆ ತಾಗಿಸಿ, ತನ್ನ ಕೈಯಿಂದ ಅದನ್ನು ಸುತ್ತಲೂ ತಿರುಗಿಸಿದ, ನೋಯುವ ಕಡೆ ಎಣ್ಣೆ ತಿಕ್ಕಿದ ಹಾಗೆ, ನಿಧಾನವಾಗಿ, ಒಂದು ಸುತ್ತು, ಎರಡು ಸುತ್ತು. ಆಮೇಲೆ ಕೈ ಬಿಟ್ಟು, ತನ್ನ ಎದೆಯ ಮೇಲೆ ಮಾಡಿ ತೋರಿಸಿದ. ತಪ್ಪಾಯಿತು ಎನ್ನುವುದು ಅವನ ಮಾತಿನಲ್ಲಿ ಹೀಗೆ. ಹೊಡೆದುಕೊಳ್ಳುವುದಿಲ್ಲ.

ಮೇಷ್ಟ್ರು ಮಾಡಿದರು. ಓಶರ್ ಮುಖ ಕಿವಿಚಿದ, ಹಾಳೆ ಎಳೆದುಕೊಂಡು ಗೀಚಿದ: "ಅಂಗಿ ಮೇಲೆ ಸೂಪು ಚೆಲ್ಲಿಕೊಂಡು ಒರೆಸ್ತಾ ಇರೋ ಹಾಗಿದೆ. ನನ್ನ ಮುಖ ನೋಡಿ ಮಾಡು."

ಮೇಷ್ಟ್ರು ಅವನ ಮುಖ ನೋಡಿ ಮಾಡಿದರು. ಕರಡು ಹಾಳೆಯ ಮೇಲೆ ತಪ್ಪು ಹುಡುಕುವವನಂತೆ ಓಶರ್ ಕಣ್ಣು ಕಿರಿದು ಮಾಡಿ ನೋಡಿದ, ಒಮ್ಮೆ ತಲೆದೂಗಿದ. ತಲೆದೂಗಿದ್ದು ಕೈ ಸರಿಯಾಯಿತೆಂದೋ, ಕೇಳಿದ್ದನ್ನು ಒಪ್ಪಿದನೆಂದೋ ಮೇಷ್ಟ್ರಿಗೆ ತಿಳಿಯಲಿಲ್ಲ. ಅದನ್ನು ಕೇಳುವುದು ಹೇಗೆಂದು ಅವರ ಕೈಗಳಿಗೆ ಗೊತ್ತಿರಲಿಲ್ಲ. ಕೋಣೆ ಕತ್ತಲಾಗುತ್ತಿತ್ತು, ಇನ್ನು ಸ್ವಲ್ಪ ಹೊತ್ತಿಗೆ ಒಬ್ಬರ ಕೈ ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ. ಓಶರ್ ಅರ್ಧ ತೊಟ್ಟ ಕೋಟನ್ನು ಕಳಚಿ ಗೂಟಕ್ಕೆ ಹಾಕಿದ, ಬಗ್ಗಿ ಬೂಟಿನ ಲಾಡಿ ಬಿಚ್ಚತೊಡಗಿದ. ಮೇಷ್ಟ್ರು ನಿಂತೇ ಇದ್ದರು, ಅವನು ತಲೆಯೆತ್ತಿ ನೋಡುವುದನ್ನು ಕಾಯುತ್ತ, ಮುಷ್ಟಿಯನ್ನು ಎದೆಯ ಮೇಲೆ ಇಟ್ಟುಕೊಂಡು.